ಹರಿದ ಕಾದಂಬರಿಗಳ ಕತೆಗಾರ್ತಿ

ನನಗೊಂದು ಚಟವಿದೆ. ಯಾವ ಕಾದಂಬರಿ ಕೈಗೆ ಬಂದರೂ ಮೊದಲು ಕೊನೆಯ ಪುಟ ತೆರೆದು ನೋಡುತ್ತೇನೆ. ನಮ್ಮ ಮನೆಯವರಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. "ಊಟಕ್ಕ ಕುಂತು ಮೊದಲ ಎಲಿ ಅಡಕಿ ಹಾಕ್ಕೊಂಡಂಗ ಆಯ್ತು ನಿಂದು" ಎಂದು ಆಡಿಕೊಳ್ಳುತ್ತಾರೆ. ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳಿಗೆ, ಅಂತ್ಯ ಗೊತ್ತಾದರೆ ಕತೆಯ ಸ್ವಾರಸ್ಯ ಹೋಗುತ್ತದೆ ಎಂಬಷ್ಟೂ ತಿಳಿಯದೇ ಎಂದು ನೀವೂ ಕೇಳಬಹುದು. ನಿಜ ಹೇಳಬೇಕೆಂದರೆ ನಾನು ಆ ಪುಟವನ್ನು ಓದುವುದಿಲ್ಲ. ಅದು ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತೇನೆ. ಇದ್ದರೆ ನಿಶ್ಚಿಂತೆಯಿಂದ ಮೊದಲ ಪುಟಕ್ಕೆ ಬರುತ್ತೇನೆ.

ಈ ಚಟ ಅಂಟಿದ್ದು ನಾನು ಹುಟ್ಟಿ ಬೆಳೆದ ಆಳಂದದಲ್ಲಿ, ರಹೀಮ್ ಚಾಚಾ ಅವರ ಅಂಗಡಿಯಲ್ಲಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ಒಂದು ಕಡೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತ ಚಾಚಾ. ಇನ್ನೊಂದು ಕಡೆ ಗೋಡೆಯ ತುಂಬ ಬಾಡಿಗೆಗೆ ಕೊಡುವ ಕನ್ನಡ ಕಾದಂಬರಿಗಳು. ದಿನಕ್ಕೆ ಚಾರಾಣೆ. ತಮಾಷೆಯೆಂದರೆ ಚಾಚಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಕಲಿತದ್ದು ಉರ್ದು ಶಾಲೆಯಲ್ಲಿ. ಪುಸ್ತಕಗಳನ್ನು ಮುಖಪುಟದ ಚಿತ್ರದಿಂದಲೇ ಗುರುತು ಹಿಡಿಯುತ್ತಿದ್ದರು. "ಆ ಬಿಳೀ ಸೀರಿ, ಕಣ್ಣಾಗ ನೀರು ಇರೋದು ತಗೋ ಬೇಟಿ. ಭಾಳ ಮಂದಿ ಒಯ್ತಾರ" ಎನ್ನುವುದು ಅವರ ವಿಮರ್ಶೆ. ಎಷ್ಟೋ ಪಂಡಿತರ ವಿಮರ್ಶೆಗಿಂತ ಅದು ಉಪಯೋಗಕ್ಕೆ ಬರುತ್ತಿತ್ತು.

ಬಿಚ್ಚಿದ ಕೈಗಡಿಯಾರಗಳ ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ಕಟ್ಟಿಡಲು ಅವರಿಗೆ ಕಾಗದ ಬೇಕಾಗುತ್ತಿತ್ತು. ಪುಸ್ತಕದ ಕೊನೆಯ ಪುಟ ಯಾವಾಗಲೂ ಖಾಲಿ ಅಥವಾ ಜಾಹೀರಾತು ಎಂದು ಯಾರೋ ಅವರ ತಲೆಯಲ್ಲಿ ತುಂಬಿದ್ದರು. ಕೈ ಹಿಂದಕ್ಕೆ ಚಾಚಿ, ಸಿಕ್ಕ ಪುಸ್ತಕದ ಕೊನೆಯ ಹಾಳೆಯನ್ನು ಚರ್ರನೆ ಹರಿದು, ಸ್ಕ್ರೂ ಇಟ್ಟು ಪುಡಿಕೆ ಕಟ್ಟುತ್ತಿದ್ದರು. ಹೀಗಾಗಿ ಆಳಂದದ ಓದುಗರಿಗೆ ಸಾಹಿತ್ಯವೆಂದರೆ ಡಾಕ್ಟರು ಆಪರೇಷನ್ ಕೋಣೆಯ ಬಾಗಿಲು ತೆರೆದು ಹೊರಗೆ ಬಂದು, ಬಾಯಿ ತೆರೆಯುವಲ್ಲಿಗೆ ನಿಂತುಬಿಡುವ ವಸ್ತು.

ಮಹಾನಂದಾ ನನ್ನ ಜೊತೆ ಎಂಟನೇ ಇಯತ್ತೆಯಲ್ಲಿದ್ದಳು. ಊರು ಹಿರೋಳ್ಳಿ. ಶಾಲೆಗಾಗಿ ಆಳಂದದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಒಬ್ಬರು ಬಾಡಿಗೆ ಕೊಟ್ಟರೆ ಇಬ್ಬರು ಓದುವುದು ನಮ್ಮ ಒಪ್ಪಂದ. ಒಮ್ಮೆ ಒಂದು ಕಾದಂಬರಿಯ ನಾಯಕಿ ಸೂಟ್‌ಕೇಸು ಹಿಡಿದು ರೈಲು ನಿಲ್ದಾಣದಲ್ಲಿ ನಿಂತಳು, ರೈಲು ಬಂತು, ಪುಟ ಮುಗಿಯಿತು. ಮುಂದಿನದು ಯಾರದೋ ಗಡಿಯಾರದ ಸ್ಕ್ರೂ ಸುತ್ತಿಕೊಂಡು ಹೋಗಿತ್ತು. ಎರಡು ದಿನ ನಮಗೆ ಊಟ ಸೇರಲಿಲ್ಲ. ಮೂರನೆಯ ದಿನ ಮಹಾನಂದಾ ನೋಟ್‌ಬುಕ್ಕಿನ ಎರಡು ಹಾಳೆ ತಂದಳು. ನೀಲಿ ಶಾಯಿಯಲ್ಲಿ ಗುಂಡಗೆ ಬರೆದಿದ್ದಳು. ಅವಳ ನಾಯಕಿ ರೈಲು ಹತ್ತಲೂ ಇಲ್ಲ, ಅದರ ಕೆಳಗೆ ಬೀಳಲೂ ಇಲ್ಲ. ಸೂಟ್‌ಕೇಸು ಎತ್ತಿಕೊಂಡು ಚಿಕ್ಕಮ್ಮನ ಊರಿಗೆ ಹೋಗಿ ದವಾಖಾನೆಯಲ್ಲಿ ಕಂಪೌಂಡರ್ ಆದಳು. ಬೆಂಗಳೂರಿನ ಬಂಗಲೆಯ ನಾಯಕ ಹುಡುಕಿಕೊಂಡು ಬಂದು, ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು, ಬಿಸಿ ರೊಟ್ಟಿ ಪುಂಡಿಪಲ್ಯ ಉಂಡ.

"ಬೆಂಗಳೂರು ಬಂಗ್ಲೆದಾಗ ಪುಂಡಿಪಲ್ಯ ಎಲ್ಲಿ ಸಿಗ್ತದ ಬೇ?" ಎಂದು ನಾನು ತಕರಾರು ತೆಗೆದೆ.

"ಸಿಗಂಗಿಲ್ಲ ಅಂತಾನ ಇಲ್ಲೀ ತನಕ ಬಂದಾನ" ಎಂದಳು.

ಮೈದಾ ಅಂಟಿನಿಂದ ಆ ಹಾಳೆಗಳನ್ನು ಪುಸ್ತಕಕ್ಕೆ ಅಂಟಿಸಿ ವಾಪಸು ಕೊಟ್ಟೆವು. ಆಮೇಲೆ ಇನ್ನೊಂದು, ಮತ್ತೊಂದು. ವರ್ಷ ತುಂಬುವುದರೊಳಗೆ ಅಂಗಡಿಯ ಅರ್ಧ ಗೋಡೆಯ ಪುಸ್ತಕಗಳಿಗೆ ಮಹಾನಂದಾಳ ಮುಕ್ತಾಯಗಳು ಅಂಟಿದ್ದವು. ಯಾರೂ ಸಾಯುತ್ತಿರಲಿಲ್ಲ. ಹೆಂಗಸರೆಲ್ಲ ಏನಾದರೊಂದು ಕೆಲಸ ಹಿಡಿಯುತ್ತಿದ್ದರು. ಎಲ್ಲದರ ಕೊನೆಗೂ ಒಂದು ಊಟ ಇರುತ್ತಿತ್ತು.

ಗುಟ್ಟು ರಟ್ಟಾದದ್ದು ಕಲಬುರಗಿಯಿಂದ ವರ್ಗವಾಗಿ ಬಂದ ಮಾಸ್ತರೊಬ್ಬರಿಂದ. "ಚಾಚಾ, ಈ ಕಾದಂಬರಿ ನಾ ಮೊದಲಾ ಓದೇನಿ. ಅದರಾಗ ಹೆಣ್ಮಗಳು ವಿಷ ಕುಡೀತಾಳ. ನಿಮ್ಮ ಪುಸ್ತಕದಾಗ ಹೊಲಿಗಿ ಮಷೀನ್ ತಗೊಂಡಾಳಲ್ಲ!" ಎಂದು ಅವರು ದೂರಿದರು. ಚಾಚಾ ಅಕ್ಷರ ನೋಡಿ, ಶಾಯಿ ನೋಡಿ, ಆ ಪುಸ್ತಕಗಳನ್ನು ಒಯ್ದವರು ಯಾರೆಂದು ನೆನಪಿಸಿಕೊಂಡು, ಮರುದಿನ ನಮ್ಮಿಬ್ಬರನ್ನೂ ಅಂಗಡಿಯ ಮುಂದೆ ನಿಲ್ಲಿಸಿದರು. ನಮ್ಮಪ್ಪ ತಹಶೀಲ ಕಚೇರಿಯ ಗುಮಾಸ್ತ. ಸುದ್ದಿ ಅವನಿಗೆ ಮುಟ್ಟಿದರೆ ಮುಗಿಯಿತು.

"ಓದು" ಎಂದರು ಚಾಚಾ.

ಮಹಾನಂದಾ ತಾನು ಬರೆದದ್ದನ್ನೆಲ್ಲ ಒಂದೊಂದಾಗಿ ಓದಿದಳು. ಚಾಚಾ ಕಣ್ಣಿನ ಮಸೂರ ತೆಗೆಯದೆಯೇ ಕೇಳಿದರು. ಹೊಲಿಗೆ ಮಷೀನು ತಗೊಂಡವಳ ಕತೆ ಮುಗಿದಾಗ, "ಮುಂದ ಅಕಿಗಿ ಗಿರಾಕಿ ಬಂದವೇನು?" ಎಂದು ಕೇಳಿದರು. ಬಂದವು ಎಂದಳು ಇವಳು. ಚಾಚಾ ಗಾಜಿನ ಪೆಟ್ಟಿಗೆಯಿಂದ ಎಂಟಾಣೆ ತೆಗೆದು ಅವಳ ಮುಂದೆ ಇಟ್ಟರು. ಅವಳು ಮುಟ್ಟಲಿಲ್ಲ. "ತಗೋ ಬೇಟಿ. ನಾ ಘಡಿ ದುರಸ್ತಿ ಮಾಡಿದ್ರ ಮಜೂರಿ ತಗೋತೀನಿಲ್ಲೋ? ನೀ ಕತಿ ದುರಸ್ತಿ ಮಾಡ್ದಿ. ಮುಫತ್ ಕೆಲಸ ಮಾಡಬ್ಯಾಡ, ಮಂದಿ ಇಜ್ಜತ್ ಕೊಡಂಗಿಲ್ಲ" ಎಂದರು.

ಎಂಟಾಣೆಯ ಆಸೆಗೆ ನಾನೂ ಒಂದು ಮುಕ್ತಾಯ ಬರೆದೆ. ಅದರಲ್ಲಿ ನಾಯಕ, ನಾಯಕಿ, ಅವಳ ತಂದೆ, ಕಾರಿನ ಡ್ರೈವರು ಎಲ್ಲರೂ ಒಂದೇ ಪುಟದಲ್ಲಿ ತೀರಿಕೊಂಡರು. ಚಾಚಾ ಪೂರ್ತಿ ಕೇಳಿ, ನಿಟ್ಟುಸಿರು ಬಿಟ್ಟು, "ಬೇಟಿ, ನೀ ಮಾಸ್ತರಕಿ ಮಾಡು" ಎಂದರು. ಮಾಡಿದೆ.

ಹತ್ತನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಮಹಾನಂದಾಳ ಮದುವೆಯಾಯಿತು. ಅವಳು ಅಫಜಲಪುರಕ್ಕೆ ಹೋದಳು. ನಾನು ಓದಿ, ನೌಕರಿ ಹಿಡಿದು, ಜೇವರ್ಗಿಗೆ ಬಂದು ನೆಲೆಸಿದೆ. ಎರಡು ಪತ್ರ ಬರೆದೆವು. ಆಮೇಲೆ ಅದೂ ನಿಂತಿತು.

ಈ ನಡುವೆ ನಾನು ಕವಿಯಾದೆ. ನಗಬೇಡಿ. ಸ್ವಂತ ಖರ್ಚಿನಲ್ಲಿ ಒಂದು ಕವನ ಸಂಕಲನ ಅಚ್ಚು ಹಾಕಿಸಿದೆ. ಬಿಡುಗಡೆಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು ಬಂದವು. ಆ ಶಾಲು, ಹಣ್ಣು ತಂದವಳೂ ನಾನೇ. ಉಳಿದ ಪ್ರತಿಗಳು ಮಂಚದ ಕೆಳಗಿವೆ. ಪರಿಚಯದವರ ಮದುವೆ ಆಹ್ವಾನ ಬಂದರೆ ನಮ್ಮ ಮನೆಯವರು, "ಭಾಂಡಿ ಸಾಮಾನು ಕೊಡೋಣೋ, ನಿನ್ನ ಕವಿತಾನೋ?" ಎಂದು ಕೇಳುತ್ತಾರೆ. ಆದರೂ ಕವಿಗೆ ಕವಿಯ ಗತ್ತು ಇರಬೇಕಲ್ಲ? ನಮ್ಮ ಶಾಲೆಯ ಗಣಿತದ ಶೋಭಾ ಮೇಡಂ ಮಧ್ಯಾಹ್ನದ ಬಿಡುವಿನಲ್ಲಿ ಮೊಬೈಲಿನಲ್ಲಿ ಕತೆ ಓದುತ್ತ, ಡಬ್ಬಿಯ ಊಟ ಮರೆತು ಕೂತಿರುವುದನ್ನು ಕಂಡು ನಾನು ಮೂಗು ಮುರಿಯುತ್ತಿದ್ದೆ.

"ಏನದು ಅಷ್ಟು ಓದೋದು?"

"ಟಿ.ವಿ. ಧಾರಾವಾಹಿ ಒಂದು ಅರ್ಧಕ್ಕ ನಿಂತಿತ್ತಲ್ರಿ ಮೇಡಂ, ಅದರ ಮುಂದಿನ ಕತಿ. ಯಾರೋ ಓದುಗರೇ ಬರ್ಯಾಕತ್ತಾರ. 'ನೀಲಿ ಶಾಯಿ' ಅಂತ ಹೆಸರು ಇಟ್ಕೊಂಡಾರ. ಭಾಳ ಚಂದ ಅದ ನೋಡ್ರಿ."

"ಮಂದಿ ಪಾತ್ರ ತಗೊಂಡು ಬರೆಯೋದು ಸಾಹಿತ್ಯ ಹೆಂಗಾಗ್ತದ?" ಎಂದು ಭಾಷಣ ಬಿಗಿದೆ. ಅವರು ಮೊಬೈಲು ನನ್ನ ಕೈಗಿಟ್ಟು ಕೈ ತೊಳೆಯಲು ಹೋದರು. ಓದತೊಡಗಿದೆ. ಮುಂಬೈಯ ಕೋಟ್ಯಧೀಶ ಮಾವ, ಹೊರದಬ್ಬಿದ್ದ ಸೊಸೆಯನ್ನು ಹುಡುಕಿಕೊಂಡು ಬಂದು, ಅವಳ ಬಾಡಿಗೆ ಕೋಣೆಯ ನೆಲದ ಮೇಲೆ ಕೂತಿದ್ದ. ಅವಳು ತಾಟು ಇಟ್ಟಳು. ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ.

ಶೋಭಾ ಮೇಡಂ ಮೊಬೈಲಿನಿಂದಲೇ ಕತೆಯ ಕೆಳಗೆ ಬರೆದೆ: "ನೀ ಹಿರೋಳ್ಳಿ ಮಹಾನಂದಾ ಹೌದಲ್ಲೋ? ನಾ ಶಶಿಕಲಾ." ಬಿಡುವಿನ ನಂತರದ ಪಿರಿಯಡ್ಡು ಮುಗಿಯುವಷ್ಟರಲ್ಲಿ ಉತ್ತರ ಬಂದಿತ್ತು: "ಯಾಕ ಬೇ ಶಶಿ, ಇಷ್ಟು ತಡಾ ಮಾಡ್ದಿ?"

ಮುಂದಿನ ಭಾನುವಾರ ಅಫಜಲಪುರಕ್ಕೆ ಹೋದೆ. ಕೂದಲು ನೆರೆತಿತ್ತು, ನಗು ಹಾಗೆಯೇ ಇತ್ತು. ಗಂಡ ಮಲ್ಲಣ್ಣನವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಮನೆಯ ಮುಂದಿನ ಅರ್ಧ ತಾಮ್ರದ ತಂತಿ, ಹಿಂದಿನ ಅರ್ಧ ಸಂಸಾರ. ಪಡಸಾಲೆಯಲ್ಲಿ ಮಂಚದ ಮೇಲೆ ಅತ್ತೆ ಶರಣಮ್ಮ. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು.

ಕತೆ ಹುಟ್ಟಿದ್ದು ಈ ಅತ್ತೆಯಿಂದ. ಆಕೆ ದಿನವೂ ಕೇಳುತ್ತಿದ್ದ ಧಾರಾವಾಹಿ ಒಂದು ಶುಕ್ರವಾರ ನಾಯಕಿಯನ್ನು ಗೋದಾಮಿನಲ್ಲಿ ಕೂಡಿಹಾಕಿ, ಹೊರಗಿನಿಂದ ಚಿಲಕ ಹಾಕಿಸಿ, ಮಾಯವಾಯಿತು. ಸೋಮವಾರದಿಂದ ಅದೇ ಹೊತ್ತಿಗೆ ಬೇರೊಂದು. (ಆ ನಾಯಕಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ.) ಮುದುಕಿಗೆ ಸಮಾಧಾನವಿಲ್ಲ. "ಆ ಹುಡುಗಿ ಇನ್ನಾ ಗೋದಾಮಿನ್ಯಾಗ ಅದಾಳಲ್ಲೇ ನಂದಾ. ಕುಡೀಲಿಕ್ಕ ನೀರರ ಕೊಟ್ಟಾರೋ ಇಲ್ಲೋ" ಎಂದು ಒಂದೇ ಸಮನೆ ಕೊರಗು. ತೊಗರಿ ಹಸನು ಮಾಡುತ್ತ ಕೂತಿದ್ದ ಮಹಾನಂದಾ ತಡೆಯಲಾರದೆ, "ಚಿಲಕ ತೆಗ್ದಾರ ಅತ್ತಿ. ನಿನ್ನೀನೇ ತೆಗ್ದಾರ" ಎಂದಳು.

"ಯಾರು ತೆಗ್ದಾರ?"

ಈಗ ಯಾರಾದರೂ ಬೇಕಲ್ಲ. ಗೋದಾಮಿನ ಹಮಾಲನ ಹೆಂಡತಿ ತೆಗೆದಳು ಎಂದಳು. ಆಕೆಗೊಂದು ಮನೆ, ಆ ಮನೆಗೊಂದು ಓಣಿ, ಆ ಓಣಿಯಲ್ಲಿ ನಾಯಕಿಗೊಂದು ಬಾಡಿಗೆ ಕೋಣೆ. ದಿನಕ್ಕಿಷ್ಟು ಕತೆ ಬೆಳೆಯಿತು. ತಾನು ಹೇಳಿದ್ದು ತನಗೇ ಮರೆಯಬಾರದೆಂದು ಮೊಬೈಲಿನಲ್ಲಿ, ಎಲ್ಲರೂ ಓದುವ ಒಂದು ಕತೆಗಳ ಆ್ಯಪಿನಲ್ಲಿ, ಬರೆದಿಡತೊಡಗಿದಳು. ಮೊದಮೊದಲು ಬಾಯಿಂದ ಹೇಳಿ ಬರೆಸುತ್ತಿದ್ದಳಂತೆ. ಆ ಮೊಬೈಲಿಗೆ ಅಫಜಲಪುರದ ಕನ್ನಡ ತಿಳಿಯದೆ, ಪುಂಡಿಪಲ್ಯವನ್ನು 'ಪುಂಡರ ಪಾಳ್ಯ' ಮಾಡಿತು. ಇವಳು ಹಾಗೇ ಪ್ರಕಟಿಸಿದಳು. 'ನಾಯಕಿ ಪುಂಡರ ಪಾಳ್ಯವನ್ನು ರೊಟ್ಟಿಯ ಜೊತೆ ಏಕೆ ತಿಂದಳು?' ಎಂದು ಮೈಸೂರಿನ ಓದುಗರೊಬ್ಬರು ಕಳವಳದಿಂದ ಕೇಳಿದ್ದರು. ಆಮೇಲೆ ಬೆರಳಿನಿಂದಲೇ ಬರೆಯಲು ಕಲಿತಳು.

ನಾನು ಸ್ಟಾಫ್ ರೂಮಿನ ಭಾಷಣವನ್ನು ಅವಳೆದುರೂ ಸ್ವಲ್ಪ ಬಿಗಿದೆ. "ಬ್ಯಾರೇದವರ ಪಾತ್ರ ಅಲ್ಲೇನ ಅದು? ಕದ್ದಂಗ ಆಗಲ್ಲೇನು?"

ಅವಳು ಸಿಟ್ಟಾಗಲಿಲ್ಲ. "ಅವರು ಬಿಟ್ಟು ಹೋದ್ರು ಶಶಿ, ನಾ ಸಾಕೇನಿ" ಎಂದಳು.

ಇದಕ್ಕೆ ದುಡ್ಡೂ ಬರುತ್ತಿತ್ತು. ಮುಂದಿನ ಕಂತು ಬೇಗ ಓದಬೇಕೆನ್ನುವವರು ಕೊಟ್ಟದ್ದರಲ್ಲಿ ಒಂದು ಪಾಲು ಇವಳ ಖಾತೆಗೆ. ಮೊದಲ ಸಲ ಬಂದಾಗ ಮಲ್ಲಣ್ಣ ಹೆದರಿದರು. ಯಾರೋ ಮೋಸಗಾರರು ಮೊದಲು ಹಾಕಿ ಆಮೇಲೆ ಎಲ್ಲ ಬಳಿದುಕೊಂಡು ಹೋಗುತ್ತಾರೆಂದು ಹೆಂಡತಿಯನ್ನು ಬ್ಯಾಂಕಿಗೆ ಕರೆದೊಯ್ದರು. ದುಡ್ಡು ಸಾಚಾ ಎಂದು ಖಾತ್ರಿಯಾದ ಮೇಲೆ ಅಲ್ಲಿಯ ಸಾಹೇಬರು ಯಾವುದೋ ಅರ್ಜಿ ತುಂಬುತ್ತ ಉದ್ಯೋಗ ಏನೆಂದು ಕೇಳಿದರು. ಮಹಾನಂದಾ ಮನೆಗೆಲಸ ಅನ್ನುವವಳಿದ್ದಳು. ಮಲ್ಲಣ್ಣ, "ರೈಟರ್ ಅದಾರ್ರಿ" ಎಂದುಬಿಟ್ಟರು.

"ಹೌದ್ರಿ? ಯಾವ ಸ್ಟೇಷನ್ನಿನ್ಯಾಗ?" ಎಂದರು ಸಾಹೇಬರು. ನಮ್ಮ ಕಡೆ ರೈಟರ್ ಎಂದರೆ ಪೊಲೀಸ್ ಠಾಣೆಯಲ್ಲಿ ಫಿರ್ಯಾದು ಬರೆದುಕೊಳ್ಳುವವರು.

"ಸ್ಟೇಷನ್ ಅಲ್ರಿ, ಕತಿ ಬರೀತಾರ. ಮಂದಿ ದುಡ್ಡು ಕೊಟ್ಟು ಓದ್ತಾರ."

ಇದನ್ನು ನನಗೆ ಹೇಳುವಾಗ ಮಹಾನಂದಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಮನ್ಯಾಗ ಇಷ್ಟು ವರ್ಷ ಅಕಿ, ಇಕಿ ಅಂದ ಮನುಷ್ಯ ಶಶಿ. ಬ್ಯಾಂಕಿನ್ಯಾಗ ನಂಗ 'ಅದಾರ', 'ಬರೀತಾರ' ಅಂದ್ರು!"

ಆ ದುಡ್ಡಿನಲ್ಲಿ ಅವಳು ಮಾಡಿಸಿಕೊಂಡದ್ದು ಒಂದು ಮೇಜು, ಒಂದು ಕುರ್ಚಿ. ಹಿಟ್ಟಿನ ಡಬ್ಬಿಯ ಮೇಲೆ ಕೂತು ಬರೆದು ಬರೆದು ಸೊಂಟ ಹಿಡಿದಿತ್ತಂತೆ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂಡುವಂತಿಲ್ಲ. ನಾನು ಕೂಡಹೋದೆ, "ಅದು ಸೊಸಿ ಖುರ್ಚಿ" ಎಂದು ಮುದುಕಿ ಮಂಚದಿಂದಲೇ ಎಬ್ಬಿಸಿದಳು. ನನ್ನ ಶಾಲು ನೆನಪಾಗಿ ನಾಚಿಕೆಯಾಯಿತು.

ಇಷ್ಟು ಸುಖವಾಗಿದ್ದಾಗಲೇ ಪೆಟ್ಟು ಬಿತ್ತು. ಮುಂದಿನ ಮಾರ್ಚಿನಲ್ಲಿ, ನಾನು ಪರೀಕ್ಷೆಯ ಗಡಿಬಿಡಿಯಲ್ಲಿದ್ದಾಗ, ಮಹಾನಂದಾಳ ಫೋನು ಬಂತು. "ಶಶಿ, ಎಲ್ಲಾ ಹೋಯ್ತು" ಎಂದಳು. ಆ ಹೆಸರು, ಆ ಮನೆತನ ಧಾರಾವಾಹಿಯವರಿಗೆ ಸೇರಿದ್ದೆಂದು ನೋಟಿಸು ಬಂದು, ಆ್ಯಪಿನವರು ಕತೆಯನ್ನು ಅಳಿಸಿಹಾಕಿದ್ದರು. ಹಕ್ಕು ಅವರದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಎರಡು ವರ್ಷ ಬರೆದದ್ದಕ್ಕೆ ಇವಳ ಬಳಿ ಒಂದು ನಕಲೂ ಇರಲಿಲ್ಲ. ಇನ್ನೇನು ಮುಗಿಸುವವಳಿದ್ದಳು.

ಒಂದು ವಾರ ಅವಳು ಆ ಕುರ್ಚಿಯಲ್ಲಿ ಕೂಡಲಿಲ್ಲ. ಅತ್ತೆ ಕತೆ ಕೇಳಿದರೆ, "ಇವತ್ತ ಇಲ್ಲ ಅತ್ತಿ" ಎಂದಷ್ಟೇ ಹೇಳುತ್ತಿದ್ದಳಂತೆ. ಮಲ್ಲಣ್ಣ ನನಗೆ ಫೋನು ಮಾಡಿ, "ಸುಟ್ಟ ಮೋಟಾರ್ ಆದ್ರ ನಾ ಮತ್ತ ಕಟ್ತೀನ್ರಿ ಅಕ್ಕೋರ, ಇದು ಹ್ಯಾಂಗ ಕಟ್ಟಬೇಕು ತಿಳಿವಲ್ದು" ಎಂದರು.

ಆಗ ಯಡ್ರಾಮಿಯಿಂದ ಕಸ್ತೂರಿ ಎಂಬ ಓದುಗಳೊಬ್ಬಳು ಬಂದಳು. ಅಲ್ಲಿಯ ದವಾಖಾನೆಯಲ್ಲಿ ನರ್ಸು. ಮಹಾನಂದಾಳನ್ನು ಎಂದೂ ಕಂಡವಳಲ್ಲ. ಕತೆ ಮಾಯವಾದದ್ದನ್ನು ನೋಡಿ, ಫೋನಿನಲ್ಲಿ ವಿಚಾರಿಸಿ, ರಜೆ ಹಾಕಿ ಬಂದಿದ್ದಳು. ಚೀಲದಿಂದ ಒಂದೊಂದಾಗಿ ಉದ್ದನೆಯ ನೋಟ್‌ಬುಕ್ಕುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಮೊದಲ ಕಂತಿನಿಂದ ಕೊನೆಯವರೆಗೆ ಇಡೀ ಕತೆ.

"ನಮ್ಮವ್ವಗ ಮೊಬೈಲ್ ನೋಡಿದ್ರ ತಲಿ ನೋಯ್ತದ್ರಿ. ಪುಸ್ತಕ ಓದ್ತಾಳ. ಅದಕ್ಕ ದಿನಾ ಡ್ಯೂಟಿ ಮುಗಿಸಿ ಬರಕೊಂಡು ಹೋಗ್ತಿದ್ದೆ. ಒಂದಕ್ಷರಾನೂ ಬಿಟ್ಟಿಲ್ಲ ನೋಡ್ರಿ" ಎಂದಳು.

ಮಹಾನಂದಾ ಒಂದು ನೋಟ್‌ಬುಕ್ಕು ತೆರೆದಳು. ಎರಡು ಸಾಲು ಓದಿದಳು. ಆಮೇಲೆ ಕಸ್ತೂರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು.

ಬೇಸಿಗೆ ರಜೆಯಲ್ಲಿ ನಾನು ಅಫಜಲಪುರದಲ್ಲೇ ಠಿಕಾಣಿ ಹೂಡಿದೆ. ಬೇರೆಯವರದ್ದನ್ನೆಲ್ಲ ತೆಗೆದು, ತನ್ನದಷ್ಟನ್ನು ಉಳಿಸಿ, ತಾನೇ ಪುಸ್ತಕ ಅಚ್ಚು ಹಾಕಿಸುವುದೆಂದು ಮಹಾನಂದಾ ನಿಶ್ಚಯಿಸಿದ್ದಳು. ಕೆಂಪು ಪೆನ್ನು ಹಿಡಿದು ಕೂತೆವು. ತೆಗೆದ ಮೇಲೆ ಏನೂ ಉಳಿಯದಿದ್ದರೆ ಎಂಬ ಅಂಜಿಕೆ ಇಬ್ಬರಿಗೂ ಇತ್ತು. ಮುಂಬೈಯ ಬಂಗಲೆ ಹೋಯಿತು, ಕೋಟ್ಯಧೀಶ ಮಾವ ಹೋದ, ಅವನ ಜಾಗಕ್ಕೆ ಅಡತಿ ಅಂಗಡಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಮಾವ ಬಂದ. ಗೋದಾಮು ಹೋಗಿ ತೊಗರಿ ಮಿಲ್ಲಿನ ಕೋಣೆ ಬಂತು. ಮೊದಲ ನೋಟ್‌ಬುಕ್ಕು ದಾಟುವುದರೊಳಗೆ ಕೆಂಪು ಪೆನ್ನಿಗೆ ಕೆಲಸವೇ ಇಲ್ಲದಾಯಿತು. ಹಮಾಲನ ಹೆಂಡತಿ, ಆ ಓಣಿ, ಅಲ್ಲಿಯ ಜಗಳ, ನಾಯಕಿ ಕಲಿತ ಕೆಲಸ, ತಾನಾಗಿ ಹಿಂದಿರುಗದೆ ನಿಂತ ಅವಳ ಹಟ, ಎಲ್ಲ ಇವಳದೇ. ನಾನು ಪೆನ್ನು ಕೆಳಗಿಟ್ಟೆ. ಮೂವತ್ತು ವರ್ಷ ಸಾಹಿತ್ಯ ಪಾಠ ಹೇಳಿದ್ದೆ. ಅದು ಹೇಗೆ ಹುಟ್ಟುತ್ತದೆಂದು ಕಂಡದ್ದು ಆ ಮೇಜಿನ ಮೇಲೆ.

ಉಳಿದದ್ದು ನಾಯಕಿಯ ಹೆಸರು. ಅದನ್ನು ಬದಲಿಸಬೇಕೆಂದಾಗ ಶರಣಮ್ಮ ಮಂಚದ ಮೇಲೆ ಎದ್ದು ಕೂತಳು. "ಬೆಳೆದ ಹುಡುಗೀದು ಹೆಸರು ಹ್ಯಾಂಗ ಬದಲಿ ಮಾಡ್ತೀರಿ?" ಎಂದು ಜಗಳಕ್ಕೇ ನಿಂತಳು. ಕಾನೂನು, ನೋಟಿಸು ಎಂದೆಲ್ಲ ವಿವರಿಸಿದೆವು. ಮುದುಕಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಹಂಗಾದ್ರ ಹೌಸಾ ಅಂತ ಇಡ್ರಿ" ಎಂದಳು.

"ಯಾರ ಹೆಸರು ಅತ್ತಿ ಅದು?"

"ನಂದು."

ಆಕೆಯ ತವರು ಅಕ್ಕಲಕೋಟೆ ಕಡೆಯ ಹಳ್ಳಿ. ಹೌಸೆಯಿಂದ, ಅಂದರೆ ಆಸೆಪಟ್ಟು, ಹೆತ್ತ ಮಗಳೆಂದು ಹೌಸಾಬಾಯಿ ಎಂದು ಕರೆದಿದ್ದರಂತೆ. ಹನ್ನೆರಡಕ್ಕೆ ಮದುವೆ. "ಅಕ್ಕಿಕಾಳು ಬಿದ್ದ ದಿನಾನ ಬದಲಿ ಮಾಡಿದ್ರವಾ. ಶರಣಮ್ಮ ಅಂದ್ರು. ಮೊದಮೊದಲ ಯಾರಿಗಿ ಕರ್ಯಾಕತ್ತಾರ ಅಂತ ಹಿಂದ ತಿರುಗಿ ನೋಡ್ತಿದ್ದೆ. ನಮ್ಮಣ್ಣ ಒಬ್ಬ ಹೌಸಾ ಅಂತಿದ್ದ. ಅವ ಹೋದ ಮ್ಯಾಲ ಯಾರೂ ಅನ್ನಲಿಲ್ಲ."

ಮಲ್ಲಣ್ಣ ಕೈಯಲ್ಲಿದ್ದ ತಂತಿಯ ಸುರುಳಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅವ್ವನಿಗೆ ಇನ್ನೊಂದು ಹೆಸರಿತ್ತೆಂಬುದು ಅವರಿಗೇ ಗೊತ್ತಿರಲಿಲ್ಲ.

ಕಲಬುರಗಿಯ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗಿ ಬಂತು. ಅಂಗಡಿಗಳಿಗೆ ಕೊಡಲಿಲ್ಲ, ಓದುಗರೇ ಫೋನಿನಲ್ಲಿ ಹೇಳಿ ತರಿಸಿಕೊಂಡರು. ಮಲ್ಲಣ್ಣ ಮೋಟಾರಿನ ಪಾರ್ಸಲ್ಲು ಕಟ್ಟುವ ಸುತಳಿಯಿಂದಲೇ ಪುಸ್ತಕ ಕಟ್ಟಿ, ಅಭ್ಯಾಸಬಲದಿಂದ ಮೇಲೆ 'ನೀರು ತಾಗಿಸಬೇಡಿ' ಎಂದು ಬರೆದು ಬಸ್ಸಿಗೆ ಹಾಕಿದರು. ದಸರೆಯ ಹೊತ್ತಿಗೆ ಮೊದಲ ಮುದ್ರಣ ಖಾಲಿ. ನನ್ನ ಮಂಚದ ಕೆಳಗಿನ ವಿಷಯ ನಾವು ಮಾತಾಡುವುದು ಬೇಡ.

ಆ ದಸರೆಯ ರಜೆಯಲ್ಲಿ ನಾನು ಮತ್ತೆ ಅಲ್ಲಿದ್ದೆ. ಮಧ್ಯಾಹ್ನ. ಮಹಾನಂದಾ ರೊಟ್ಟಿ ಬಡಿಯುತ್ತಿದ್ದಳು. ಫೋನು ಬಂದಾಗ ಹಿಟ್ಟಿನ ಕೈಯಿಂದಲೇ ಸ್ಪೀಕರ್ ಒತ್ತಿದಳು. ಕಸ್ತೂರಿಯ ಅವ್ವ, ಯಡ್ರಾಮಿಯಿಂದ. ಪುಸ್ತಕ ಮುಗಿಸಿ ಮೂರು ದಿನವಾಯಿತಂತೆ, ಇನ್ನೂ ಅದರದೇ ಗುಂಗು.

"ಏನ್ ಅನಕೋಬ್ಯಾಡ್ರಿ ಅಕ್ಕೋರ, ಒಂದು ಕೇಳಬೇಕಿತ್ತು" ಎಂದಿತು ಆ ಕಡೆಯ ಮುದಿ ದನಿ. "ನಮ್ಮ ಹೌಸಾ ಹ್ಯಾಂಗದಾಳ್ರಿ? ಈಗ ಅರಾಮ ಅದಾಳಿಲ್ಲೋ?"

ಮಹಾನಂದಾ ಉತ್ತರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಂಚದ ಮೇಲಿನಿಂದ ಶರಣಮ್ಮ ಕೈ ಚಾಚಿ, "ಇಲ್ಲಿ ಕೊಡು" ಎಂದಳು. ನಾನು ಎದ್ದು ಫೋನನ್ನು ಆಕೆಯ ಕೈಗಿಟ್ಟೆ. ಆಕೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಅರಾಮ ಅದೀನವಾ" ಎಂದಳು. "ನೀ ಹ್ಯಾಂಗದಿ?"